ಯೆಜ್ಡಿಯ ಮುಂದಿನ ಬ್ರೇಕ್: ಜೆ.ಸಿ. ರಸ್ತೆಯ ಲೈನರ್ ಅಂಗಡಿಯೊಂದರ ಕೆಲಸ ಹೇಗಿದೆ?

ಯೆಜ್ಡಿ ರೋಡ್‌ಕಿಂಗ್ ಬೈಕ್ ಓಡಿಸುವವರ ನಡುವೆ ಒಂದು ಮಾತು ಬಹಳ ಕಾಲದಿಂದ ಚಾಲ್ತಿಯಲ್ಲಿದೆ. ಈ ಗಾಡಿಗೆ ಮುಂದಿನ ಬ್ರೇಕ್ ಹೆಸರಿಗಷ್ಟೇ ಇದೆ, ನಿಲ್ಲಿಸುವ ಕೆಲಸವನ್ನೆಲ್ಲ ಕಾಲು ಬ್ರೇಕೇ ಮಾಡಬೇಕು ಎಂಬುದು ಆ ಮಾತು. ಇದನ್ನು ನಂಬಿ ಎಷ್ಟೋ ಜನ ಮುಂದಿನ ಚಕ್ರವನ್ನೇ ಕಿತ್ತುಹಾಕಿ ಬೇರೆ ಗಾಡಿಯ ಡಿಸ್ಕ್ ಬ್ರೇಕ್ ಕೂರಿಸುತ್ತಾರೆ. ಇನ್ನೆಷ್ಟೋ ಜನ ಏನೂ ಮಾಡದೆ ಹಿಂದಿನ ಬ್ರೇಕನ್ನೇ ನೆಚ್ಚಿಕೊಂಡು ಓಡಿಸುತ್ತಿರುತ್ತಾರೆ. ನನ್ನ ರೋಡ್‌ಕಿಂಗ್‌ನ ಬ್ರೇಕ್ ಶೂಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆಯ ಒಳ ಓಣಿಯೊಂದರ ಸಣ್ಣ ಅಂಗಡಿಯಲ್ಲಿ ಹೊಸ ಲೈನರ್ ಅಂಟಿಸಿ, ಡ್ರಮ್ಮಿನ ಒಳಮೈಯನ್ನು ಲೇಥ್ ಯಂತ್ರದಲ್ಲಿ ಹೆರೆಸಿ, ಕೇಬಲ್ ಬದಲಿಸಿಕೊಂಡ ಮೇಲೆ ಆ ಮಾತು ಸರಿಯಲ್ಲವೆಂದು ನನಗೆ ಖಚಿತವಾಗಿದೆ. ಡ್ರಮ್ ಎಂದರೆ ಚಕ್ರದ ಜೊತೆ ತಿರುಗುವ ಬಟ್ಟಲಿನಂಥ ಭಾಗ, ಶೂ ಎಂದರೆ ಅದರ ಒಳಮೈಗೆ ಒತ್ತಿ ಚಕ್ರವನ್ನು ನಿಲ್ಲಿಸುವ ಬಾಗಿದ ತುಂಡು, ಲೈನರ್ ಎಂದರೆ ಶೂವಿನ ಮೇಲಿರುವ, ಡ್ರಮ್ಮಿಗೆ ಉಜ್ಜುವ ಪದರ. ಈ ಬ್ರೇಕಿನ ವಿನ್ಯಾಸ ಹಳೆಯದು ಎಂಬುದು ನಿಜ. ಆದರೆ ಇಂದು ರಸ್ತೆಯಲ್ಲಿರುವ ಬಹುಪಾಲು ಯೆಜ್ಡಿಗಳಲ್ಲಿ ಆ ಹಳೆಯ ವಿನ್ಯಾಸವೂ ಪೂರ್ತಿಯಾಗಿ ಕೆಲಸ ಮಾಡುತ್ತಿಲ್ಲ. ಶೂ ಮತ್ತು ಡ್ರಮ್ ಒಂದಕ್ಕೊಂದು ಸರಿಯಾಗಿ ಕೂರದೆ, ಇರುವ ಶಕ್ತಿಯನ್ನೆಲ್ಲ ಅವು ಚಕ್ರಕ್ಕೆ ಮುಟ್ಟಿಸುತ್ತಿಲ್ಲ.

ಈ ವಿಷಯಕ್ಕೆ ಈಗ ಇಷ್ಟು ಮಹತ್ವ ಕೊಡಬೇಕಾದುದಕ್ಕೆ ಕಾರಣವಿದೆ. 2019ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಮಾರಾಟವಾಗುವ 125 ಸಿಸಿಗಿಂತ ದೊಡ್ಡ ಎಲ್ಲ ಹೊಸ ಬೈಕುಗಳಿಗೂ, ಬ್ರೇಕ್ ಹಿಡಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಕಡ್ಡಾಯವಾಗಿದೆ, ಅದಕ್ಕಿಂತ ಚಿಕ್ಕವುಗಳಿಗೆ ಎರಡೂ ಚಕ್ರಗಳ ಬ್ರೇಕನ್ನು ಒಟ್ಟಿಗೆ ಹಿಡಿಸುವ ಸಿಬಿಎಸ್ ಆದರೂ ಇರಲೇಬೇಕು. ಅಂದರೆ ನಮ್ಮ ಮುಂದೆ ಹೋಗುತ್ತಿರುವ ಸ್ಕೂಟರ್ ಕೂಡ ಇಪ್ಪತ್ತು ವರ್ಷಗಳ ಹಿಂದಿನ ಸ್ಕೂಟರಿಗಿಂತ ಕಡಿಮೆ ದೂರದಲ್ಲಿ ನಿಲ್ಲುತ್ತದೆ. ರೋಡ್‌ಕಿಂಗ್ 1978ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಗಾಡಿ. ಅದರ ಕಾಲದ ರಸ್ತೆಯೇ ಬೇರೆ, ಅಂದಿನ ವಾಹನಗಳ ನಡುವಿನ ಅಂತರವೇ ಬೇರೆ. ಇಷ್ಟು ಹಳೆಯ ಗಾಡಿಗಳ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕಾಗುತ್ತದೆ, ಆಗ ಗಾಡಿಯನ್ನು ಆರ್‌ಟಿಒ ಕಚೇರಿಗೆ ಒಯ್ದು ತೋರಿಸಬೇಕಾಗುತ್ತದೆ. ಆದರೆ ತಪಾಸಣೆಯಲ್ಲಿ ಪಾಸಾಗುವುದು ಬೇರೆ, ಹುಣಸೂರು ರಸ್ತೆಯಲ್ಲಿ ಮುಂದಿನ ಕಾರು ಹಠಾತ್ತನೆ ನಿಂತಾಗ ನಮ್ಮ ಗಾಡಿಯೂ ನಿಲ್ಲುವುದು ಬೇರೆ.

ನನ್ನ ಗಾಡಿಯ ಸ್ಥಿತಿ ಹೀಗಿತ್ತು. ಬ್ರೇಕ್ ಲಿವರ್ ಹಿಡಿಕೆಗೆ ತಾಗುವಷ್ಟು ಒಳಗೆ ಬರುತ್ತಿತ್ತು. ಅಡ್ಜಸ್ಟರ್ ಬಿಗಿ ಮಾಡಿದರೆ ಚಕ್ರ ಒಂದು ಕಡೆ ಉಜ್ಜುತ್ತಿತ್ತು, ಸಡಿಲಿಸಿದರೆ ಮತ್ತೆ ಅದೇ ಕಥೆ. ಜೋರಾಗಿ ಹಿಡಿದಾಗ ಬ್ರೇಕ್ ಒಂದೇ ಸಮನೆ ಕಚ್ಚದೆ, ಚಕ್ರದ ಪ್ರತಿ ಸುತ್ತಿಗೂ ಒಮ್ಮೆ ಕಚ್ಚಿ ಒಮ್ಮೆ ಬಿಡುತ್ತಿತ್ತು, ಆ ಕಂಪನ ಹ್ಯಾಂಡಲಿನವರೆಗೂ ಬರುತ್ತಿತ್ತು. ಚಕ್ರ ಬಿಚ್ಚಿ ಶೂಗಳನ್ನು ಹೊರತೆಗೆದಾಗ ಕಾರಣ ಕಣ್ಣಿಗೇ ಕಾಣಿಸಿತು: ಲೈನರಿನ ನಡುವಿನ ಭಾಗ ಮಾತ್ರ ಹೊಳಪೇರಿತ್ತು, ಎರಡು ತುದಿಗಳು ಮಂಕಾಗಿ, ಡ್ರಮ್ಮನ್ನು ಎಂದೂ ಮುಟ್ಟಿಯೇ ಇಲ್ಲವೆನ್ನುವಂತೆ ಉಳಿದಿದ್ದವು. ಡ್ರಮ್ಮಿನ ಒಳಮೈಯಲ್ಲಿ ಉಗುರಿಗೆ ಸಿಗುವಷ್ಟು ಆಳದ ಗೀರುಗಳಿದ್ದವು.

ಇದು ಏಕೆ ಹೀಗಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹಣವನ್ನು ಎಲ್ಲಿ ಹಾಕಬೇಕು ಎಂಬುದು ಇದರಿಂದಲೇ ತಿಳಿಯುತ್ತದೆ. ಯೆಜ್ಡಿಯ ಮುಂದಿನ ಹಬ್, ಅಂದರೆ ಚಕ್ರದ ನಡುಭಾಗ, ಅಲ್ಯೂಮಿನಿಯಮ್‌ನದು. ಅದರೊಳಗೆ ಬೀಡುಕಬ್ಬಿಣದ ಬಳೆಯೊಂದಿದ್ದು, ಶೂಗಳು ಉಜ್ಜುವುದು ಅದಕ್ಕೆ. ಎರಡು ಶೂಗಳು ಒಂದು ತುದಿಯಲ್ಲಿ ಪಿನ್ನಿಗೆ ಆತುಕೊಂಡಿರುತ್ತವೆ, ಇನ್ನೊಂದು ತುದಿಯಲ್ಲಿ ಕ್ಯಾಮ್ ಎಂಬ ತಿರುಗುವ ತುಂಡು ಅವೆರಡನ್ನೂ ಹೊರಕ್ಕೆ ತಳ್ಳುತ್ತದೆ. ಚಕ್ರ ತಿರುಗುವ ದಿಕ್ಕಿನಲ್ಲಿಯೇ ತೆರೆದುಕೊಳ್ಳುವ ಶೂವನ್ನು ತಿರುಗುವ ಡ್ರಮ್ಮೇ ತನ್ನತ್ತ ಇನ್ನಷ್ಟು ಎಳೆದುಕೊಳ್ಳುತ್ತದೆ, ಹಾಗಾಗಿ ಅದು ನಾವು ಕೊಟ್ಟ ಬಲಕ್ಕಿಂತ ಹೆಚ್ಚು ಬಿಗಿಯಾಗಿ ಕಚ್ಚುತ್ತದೆ. ಎದುರು ದಿಕ್ಕಿನ ಶೂವನ್ನು ಡ್ರಮ್ ಹಿಂದಕ್ಕೆ ನೂಕುತ್ತದೆ, ಅದರ ಪಾಲು ಕಡಿಮೆ. ಹೀಗೆ ಬ್ರೇಕಿನ ಬಹುಪಾಲು ಕೆಲಸ ಒಂದೇ ಶೂವಿನ ಮೇಲೆ ಬೀಳುವುದರಿಂದ, ಆ ಶೂವಿನ ಬಾಗು ಡ್ರಮ್ಮಿನ ಬಾಗಿಗೆ ಪೂರ್ತಿ ಹೊಂದಿಕೊಳ್ಳದಿದ್ದರೆ ಉಳಿದದ್ದು ಯಾವುದೂ ಪ್ರಯೋಜನಕ್ಕೆ ಬರುವುದಿಲ್ಲ. ಡ್ರಮ್ ಸವೆಯುತ್ತಾ ಅಗಲವಾಗುತ್ತದೆ. ಅಂಗಡಿಯಲ್ಲಿ ಸಿಗುವ ಸಿದ್ಧ ಶೂ ಮೂಲ ಅಳತೆಗೆ ಮಾಡಿದ್ದಾಗಿರುತ್ತದೆ. ಆದ್ದರಿಂದಲೇ ಹೊಸ ಶೂ ಹಾಕಿದ ಮೇಲೂ ‘ಬ್ರೇಕ್ ಕಚ್ಚುತ್ತಿಲ್ಲ’ ಎಂಬ ದೂರು ಹಾಗೆಯೇ ಉಳಿಯುತ್ತದೆ.

ಇದರ ಜೊತೆಗೆ ಇನ್ನೊಂದು ಸಂಗತಿ ಇದೆ, ಇದನ್ನು ಗಮನಿಸುವವರು ಕಡಿಮೆ. ಲೈನರ್ ತೆಳುವಾದಷ್ಟೂ ಕ್ಯಾಮ್ ಹೆಚ್ಚು ತಿರುಗಬೇಕಾಗುತ್ತದೆ. ಬ್ರೇಕ್ ಪೂರ್ತಿ ಹಿಡಿದಾಗ ಕೇಬಲ್ ಮತ್ತು ಅದು ಎಳೆಯುವ ಕ್ಯಾಮ್ ತೋಳಿನ ನಡುವೆ ಹೆಚ್ಚು ಕಡಿಮೆ ಲಂಬಕೋನ ಇರಬೇಕು, ಆಗಲೇ ಕೈಯ ಬಲ ಪೂರ್ತಿಯಾಗಿ ಕ್ಯಾಮ್‌ಗೆ ಸೇರುತ್ತದೆ. ಸವೆದ ಲೈನರಿನಲ್ಲಿ ತೋಳು ಆ ಕೋನವನ್ನು ದಾಟಿ ಮುಂದೆ ಹೋಗಿರುತ್ತದೆ. ಅಲ್ಲಿಂದ ಮುಂದೆ ಎಷ್ಟು ಎಳೆದರೂ ಬಲ ಸೋರಿಹೋಗುತ್ತದೆ. ಅಡ್ಜಸ್ಟರಿನಲ್ಲಿ ಕೇಬಲ್ ಬಿಗಿ ಮಾಡಿದರೆ ಲಿವರ್ ಮೇಲಕ್ಕೆ ಬರಬಹುದು, ಆದರೆ ತೋಳಿನ ಕೋನ ಸರಿಯಾಗುವುದಿಲ್ಲ.

ನನ್ನ ಮುಂದೆ ಮೂರು ದಾರಿಗಳಿದ್ದವು. ಮೊದಲನೆಯದು ಡಿಸ್ಕ್. ಇದಕ್ಕೆ ಬೇರೆ ಗಾಡಿಯ ಹಬ್, ಡಿಸ್ಕ್ ಪ್ಲೇಟ್, ಕ್ಯಾಲಿಪರ್, ಮಾಸ್ಟರ್ ಸಿಲಿಂಡರ್ ಇವುಗಳೆಲ್ಲ ಬೇಕು. ಹೆಚ್ಚಿನ ಸಲ ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕನ್ನೂ ಬದಲಿಸಬೇಕಾಗುತ್ತದೆ. ನಾನು ವಿಚಾರಿಸಿದ ಕಡೆಗಳಲ್ಲೆಲ್ಲ ಹದಿನೈದು ಸಾವಿರ ರೂಪಾಯಿಗಿಂತ ಕಡಿಮೆ ಯಾರೂ ಹೇಳಲಿಲ್ಲ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ ಎಂಬುದನ್ನೂ ಮರೆಯುವಂತಿಲ್ಲ. ಇದಕ್ಕಿಂತ ಮುಖ್ಯವಾಗಿ, ಫೋರ್ಕ್ ಮತ್ತು ಹಬ್ ಬದಲಿಸಿದ ರೋಡ್‌ಕಿಂಗ್ ನೋಡಲಿಕ್ಕೂ ಓಡಿಸಲಿಕ್ಕೂ ರೋಡ್‌ಕಿಂಗ್ ಆಗಿ ಉಳಿಯುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಎರಡನೆಯ ದಾರಿ ಬುಲೆಟ್ಟಿನ ಏಳು ಇಂಚಿನ ಡ್ರಮ್ ಕೂರಿಸುವುದು. ಅದರಲ್ಲಿ ಎರಡು ಕ್ಯಾಮ್‌ಗಳಿದ್ದು ಎರಡೂ ಶೂಗಳು ತಿರುಗುವ ದಿಕ್ಕಿನಲ್ಲಿಯೇ ಕಚ್ಚುತ್ತವೆ. ಬ್ರೇಕಾಗಿ ಅದು ಖಂಡಿತ ಉತ್ತಮ, ಆದರೆ ಆಕ್ಸಲ್, ಬುಷ್, ಕಡ್ಡಿ (ಸ್ಪೋಕ್) ಎಲ್ಲವನ್ನೂ ಹೊಸದಾಗಿ ಹೊಂದಿಸಬೇಕು. ಮೂರನೆಯದು, ಇರುವ ಬ್ರೇಕನ್ನೇ ಸರಿಯಾಗಿ ಕೂರಿಸುವುದು.

ಮೈಸೂರಿನಲ್ಲಿ ಯೆಜ್ಡಿ ಬಲ್ಲ ಮೆಕ್ಯಾನಿಕ್‌ಗಳಿಗೆ ಕೊರತೆಯಿಲ್ಲ. ನನ್ನ ಗಾಡಿಯನ್ನು ನೋಡಿಕೊಳ್ಳುವ ಹಿರಿಯ ಮೆಕ್ಯಾನಿಕ್ಕರೇ, ಲೈನರನ್ನು ಅಂಟಿಸಿ ಡ್ರಮ್ಮಿಗೆ ತಕ್ಕಂತೆ ಲೇಥಿನಲ್ಲಿ ಹೊಂದಿಸಿಕೊಡುವ ಕೆಲಸವನ್ನು ಒಂದೇ ಸೂರಿನಡಿ ಮಾಡುವವರು ಜೆ.ಸಿ. ರಸ್ತೆಯಲ್ಲಿದ್ದಾರೆ ಎಂದು ಹೇಳಿ ಕಳಿಸಿದರು. ಚಕ್ರ, ಶೂಗಳು ಕೂರುವ ಬ್ರೇಕ್ ಪ್ಲೇಟು ಮತ್ತು ಶೂಗಳನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಹೋದೆ. ಅಂಗಡಿ ಬಿಡಿಭಾಗಗಳ ದೊಡ್ಡ ಮಳಿಗೆಗಳ ಹಿಂದಿನ ಓಣಿಯಲ್ಲಿದೆ. ಲಾರಿ, ಬಸ್ಸುಗಳ ಬ್ರೇಕ್ ಶೂಗಳೇ ಅಲ್ಲಿ ಹೆಚ್ಚು, ಬೈಕಿನ ಕೆಲಸ ಅವುಗಳ ಸಂದಿಯಲ್ಲಿ ನಡೆಯುತ್ತದೆ. ಹೆಸರು ಬರೆಯಲೇ ಎಂದು ಕೇಳಿದಾಗ, ಇರುವ ಕೆಲಸವೇ ಮುಗಿಯುತ್ತಿಲ್ಲ, ಬೇಡ ಎಂದು ಮಾಲೀಕರು ಹೇಳಿದ್ದರಿಂದ ಇಲ್ಲಿ ಹೆಸರು ಕೊಡುತ್ತಿಲ್ಲ. ಅದರಿಂದ ಓದುಗರಿಗೆ ನಷ್ಟವಾಗದಂತೆ, ಒಳ್ಳೆಯ ಕೆಲಸ ಯಾವುದು ಎಂದು ಗುರುತಿಸಲು ಬೇಕಾದುದನ್ನೆಲ್ಲ ಹೇಳುತ್ತೇನೆ. ಊರು ಯಾವುದಾದರೂ ಲೈನರ್ ಅಂಗಡಿಯನ್ನು ಇದೇ ಅಳತೆಗೋಲಿನಿಂದ ನೋಡಬಹುದು.

ಮಾಲೀಕರು ಮಾಡಿದ ಮೊದಲ ಕೆಲಸವೇ ನನಗೆ ವಿಶ್ವಾಸ ಹುಟ್ಟಿಸಿತು. ಅವರು ಶೂಗಳನ್ನು ಕೈಗೆತ್ತಿಕೊಳ್ಳಲಿಲ್ಲ, ಚಕ್ರವನ್ನು ಆಕ್ಸಲ್ ಮೇಲೆ ನಿಲ್ಲಿಸಿ ತಿರುಗಿಸಿ, ಬೇರಿಂಗ್ ಅಲುಗುತ್ತದೆಯೇ ಎಂದು ನೋಡಿದರು, ಆಮೇಲೆ ಕಡ್ಡಿಗಳನ್ನು ಒಂದೊಂದಾಗಿ ಸ್ಪ್ಯಾನರಿನಿಂದ ತಟ್ಟಿ ಸದ್ದು ಕೇಳಿದರು. ಎರಡು ಮೂರು ಕಡ್ಡಿಗಳು ಸಡಿಲವಾಗಿದ್ದವು. ಬೇರಿಂಗ್ ಹೊಸದು ಹಾಕಿಸಿ, ಕಡ್ಡಿ ಬಿಗಿ ಮಾಡಿಸಿ, ರಿಮ್ಮಿನ ಓರೆ ತೆಗೆಸಿಕೊಂಡು ಬನ್ನಿ, ಆಮೇಲೆ ಡ್ರಮ್ ಹಿಡಿಯೋಣ ಎಂದು ವಾಪಸ್ಸು ಕಳಿಸಿದರು. ಇದು ಸರಿಯಾದ ಕ್ರಮ. ಕಡ್ಡಿಗಳ ಎಳೆತದಿಂದ ಹಬ್ಬಿನ ಆಕಾರ ಕೂದಲೆಳೆಯಷ್ಟಾದರೂ ಬದಲಾಗುತ್ತದೆ. ಡ್ರಮ್ಮನ್ನು ಮೊದಲು ಲೇಥಿಗೆ ಹಾಕಿ ಆಮೇಲೆ ಕಡ್ಡಿ ಬಿಗಿ ಮಾಡಿದರೆ ದುಂಡಾಗಿದ್ದ ಡ್ರಮ್ ಮತ್ತೆ ಅಂಡಾಕಾರಕ್ಕೆ ತಿರುಗುತ್ತದೆ. ಚಕ್ರದ ಪ್ರತಿ ಸುತ್ತಿಗೂ ಬ್ರೇಕ್ ಕಚ್ಚಿ ಬಿಡುವ ದೋಷ ಹುಟ್ಟುವುದೇ ಹೀಗೆ. ಗಿರಾಕಿ ಬಂದ ಕೂಡಲೇ ಡ್ರಮ್ಮನ್ನು ಲೇಥಿಗೆ ಏರಿಸುವ ಅಂಗಡಿಯಾದರೆ ಅಲ್ಲಿಂದ ಹೊರಟುಬಿಡುವುದು ಒಳ್ಳೆಯದು.

ಲೇಥಿನ ಕೆಲಸವನ್ನು ಪಕ್ಕದ ಶೆಡ್ಡಿನಲ್ಲಿ ಅವರ ತಮ್ಮ ಮಾಡುತ್ತಾರೆ. ಟೈರ್ ಸಹಿತ ಇಡೀ ಚಕ್ರವನ್ನು ಅದರದೇ ಬೇರಿಂಗುಗಳ ನಡುವಿನ ಕೇಂದ್ರದಲ್ಲಿ ಕೂರಿಸಿ, ನಿಧಾನದ ವೇಗದಲ್ಲಿ ತಿರುಗಿಸುತ್ತಾ ಡ್ರಮ್ಮಿನ ಒಳಮೈಯನ್ನು ತೆಳ್ಳಗೆ ಹೆರೆದರು. ಮೊದಲ ಸುತ್ತಿನಲ್ಲಿ ಉಳಿ ಡ್ರಮ್ಮಿನ ಒಂದು ಬದಿಯನ್ನು ಮಾತ್ರ ಮುಟ್ಟಿತು, ಇನ್ನೊಂದು ಬದಿಯ ಕಪ್ಪು ಹಾಗೆಯೇ ಉಳಿಯಿತು. ಡ್ರಮ್ ಎಷ್ಟು ಓರೆಯಾಗಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಕಪ್ಪು ಪೂರ್ತಿ ಹೋಗುವವರೆಗೆ ಹೆರೆದು, ಅಲ್ಲಿಗೇ ನಿಲ್ಲಿಸಿದರು. ಅಗತ್ಯಕ್ಕಿಂತ ಹೆಚ್ಚು ಹೆರೆದರೆ ಬೀಡುಕಬ್ಬಿಣದ ಬಳೆ ತೆಳುವಾಗಿ, ಬಿಸಿಯಾದಾಗ ಹಿಗ್ಗಿ ಆಕಾರ ಕೆಡುತ್ತದೆ. ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿದ್ದರಿಂದ ಒಳ್ಳೆಯ ಮೂಲ ಹಬ್ ಮತ್ತೆ ಸಿಗುವುದು ಸುಲಭವಲ್ಲ, ಆದ್ದರಿಂದ ಈ ಸಂಯಮ ಬಹಳ ಮುಖ್ಯ.

ಇನ್ನು ಲೈನರ್. ಅಂಗಡಿಯಲ್ಲಿ ಎರಡು ಬಗೆ ತೋರಿಸಿದರು: ಅಚ್ಚಿನಲ್ಲಿ ಒತ್ತಿ ಮಾಡಿದ ಗಟ್ಟಿ ಲೈನರ್, ಮತ್ತು ನೂಲಿನ ಜೊತೆ ಹಿತ್ತಾಳೆ ತಂತಿ ಸೇರಿಸಿ ಹೆಣೆದ ಮೃದು ಲೈನರ್. ಗಟ್ಟಿಯದು ಹೆಚ್ಚು ಬಾಳುತ್ತದೆ, ಆದರೆ ತಣ್ಣಗಿರುವಾಗ ಅದರ ಹಿಡಿತ ಕಡಿಮೆ, ಭಾರಿ ವಾಹನಗಳಿಗೆ ಅದು ಸರಿ. ಹೆಣೆದದ್ದು ಬೇಗ ಸವೆಯುತ್ತದೆ, ಆದರೆ ಮೊದಲ ಸ್ಪರ್ಶದಲ್ಲೇ ಕಚ್ಚುತ್ತದೆ. 16 ಅಶ್ವಶಕ್ತಿಯ, ಪ್ರಯಾಣಿಕರಿಲ್ಲದೆ ಸುಮಾರು 140 ಕಿಲೋ ತೂಗುವ, ಹೆಚ್ಚಾಗಿ ಊರೊಳಗೆ ಮತ್ತು ವಾರಾಂತ್ಯದಲ್ಲಿ ಓಡುವ ಗಾಡಿಗೆ ಮೃದುವಾದದ್ದೇ ತಕ್ಕದ್ದು ಎಂದು ಅವರೂ ಹೇಳಿದರು, ನನಗೂ ಹಾಗೆಯೇ ಅನ್ನಿಸಿತು. ಪೊಟ್ಟಣದ ಮೇಲೆ ನಾನ್-ಆಸ್ಬೆಸ್ಟಾಸ್ ಎಂದು ಮುದ್ರಿಸಿರುವುದನ್ನು ನೋಡಿಯೇ ಒಪ್ಪಿಕೊಂಡೆ. ದಪ್ಪದಲ್ಲಿ ಮಾಮೂಲಿಗಿಂತ ಒಂದು ಮೆಟ್ಟಿಲು ಹೆಚ್ಚಿನದನ್ನೇ ಆರಿಸಿದೆವು, ಏಕೆಂದರೆ ಡ್ರಮ್ ಅಗಲವಾದಷ್ಟನ್ನು ಲೈನರಿನ ದಪ್ಪವೇ ತುಂಬಿಕೊಡಬೇಕು.

ಹಳೆಯ ಲೈನರ್ ಕಿತ್ತು, ಶೂವಿನ ಲೋಹದ ಮೈಯನ್ನು ಬಿಳಿ ಹೊಳಪು ಬರುವವರೆಗೆ ಉಜ್ಜಿ, ಅಂಟು ಹಚ್ಚಿ, ಲೈನರನ್ನು ಪಟ್ಟಿಯಿಂದ ಬಿಗಿದು, ವಿದ್ಯುತ್ ಒಲೆಯಲ್ಲಿ ಕಾಯಿಸುತ್ತಾರೆ. ಕಾದ ಮೇಲೆ ಒಲೆಯಲ್ಲಿಯೇ ಆರಲು ಬಿಟ್ಟು ಮರುದಿನ ತೆಗೆಯುತ್ತಾರೆ. ಅವಸರ ಮಾಡುವ ಗಿರಾಕಿಗಳಿಗೆ ಅವರು ನಯವಾಗಿಯೇ ಇಲ್ಲವೆನ್ನುವುದನ್ನು ನಾನು ಅಲ್ಲಿ ನಿಂತೇ ಕೇಳಿದೆ. ರಿವೆಟ್ ಹೊಡೆಯುವ ಹಳೆಯ ಕ್ರಮಕ್ಕಿಂತ ಅಂಟಿಸುವ ಕ್ರಮ ಬೈಕಿಗೆ ಮೇಲು, ಏಕೆಂದರೆ ಲೈನರ್ ಸವೆದಾಗ ರಿವೆಟ್ಟಿನ ತಲೆ ಮೇಲೆ ಬಂದು ಡ್ರಮ್ಮನ್ನು ಕೊರೆಯುವ ಭಯವಿಲ್ಲ; ನನ್ನ ಡ್ರಮ್ಮಿನ ಗೀರುಗಳಿಗೆ ಹಿಂದೆಂದೋ ಹಾಕಿದ್ದ ರಿವೆಟ್ ಲೈನರೇ ಕಾರಣವಿರಬೇಕು.

ಈ ಅಂಗಡಿಯನ್ನು ಬೇರೆ ಅಂಗಡಿಗಳಿಂದ ಬೇರ್ಪಡಿಸುವ ಕೆಲಸ ಇದಾದ ಮೇಲಿನದು, ಮತ್ತು ನನ್ನ ಮಟ್ಟಿಗೆ ಕೊಟ್ಟ ಹಣದ ಮುಖ್ಯ ಬೆಲೆ ಇದಕ್ಕೇ ಸಂದದ್ದು. ಲೈನರ್ ಅಂಟಿಸಿದ ಶೂಗಳನ್ನು ಹಾಗೆಯೇ ಪೊಟ್ಟಣ ಕಟ್ಟಿ ಕೊಡುವುದು ರೂಢಿ. ಇಲ್ಲಿ ಶೂಗಳನ್ನು ನನ್ನದೇ ಬ್ರೇಕ್ ಪ್ಲೇಟಿಗೆ ಸ್ಪ್ರಿಂಗ್ ಸಹಿತ ಕೂರಿಸಿದರು. ಕ್ಯಾಮ್ ಮತ್ತು ಶೂಗಳ ನಡುವೆ ತೆಳುವಾದ ತಗಡಿನ ಚೂರೊಂದನ್ನು ಇಟ್ಟು, ಬ್ರೇಕ್ ಸ್ವಲ್ಪ ಹಿಡಿದ ಸ್ಥಿತಿಯಲ್ಲಿ ಶೂಗಳು ನಿಲ್ಲುವಂತೆ ಮಾಡಿದರು. ಆಮೇಲೆ ಇಡೀ ಪ್ಲೇಟನ್ನು ಲೇಥಿನಲ್ಲಿ ತಿರುಗಿಸುತ್ತಾ, ಹೊಸದಾಗಿ ಹೆರೆದ ಡ್ರಮ್ಮಿನ ಒಳ ಅಳತೆಗೆ ಸರಿಯಾಗಿ ಲೈನರಿನ ಹೊರಮೈಯನ್ನು ಹೆರೆದರು. ಇದರ ಫಲವಾಗಿ, ಬ್ರೇಕ್ ಹಿಡಿದಾಗ ಶೂಗಳ ಬಾಗು ಮತ್ತು ಡ್ರಮ್ಮಿನ ಬಾಗು ಒಂದೇ ಆಗುತ್ತದೆ, ಲೈನರ್ ತುದಿಯಿಂದ ತುದಿಗೆ ಮುಟ್ಟುತ್ತದೆ. ಮುಗಿದ ಮೇಲೆ ಅವರು ಡ್ರಮ್ಮಿನೊಳಗೆ ಸೀಮೆಸುಣ್ಣ ಬಳಿದು, ಪ್ಲೇಟ್ ಕೂರಿಸಿ, ಕ್ಯಾಮ್ ತೋಳನ್ನು ಕೈಯಿಂದ ಒತ್ತಿ ಚಕ್ರವನ್ನು ಒಂದು ಸುತ್ತು ತಿರುಗಿಸಿ, ಬಿಚ್ಚಿ ತೋರಿಸಿದರು. ಲೈನರಿನ ಮೇಲೆ ಬಿಳಿ ಹೆಚ್ಚುಕಡಿಮೆ ಎಲ್ಲ ಕಡೆಯೂ ಹತ್ತಿತ್ತು. ಕ್ಯಾಮ್ ಬದಿಯ ತುದಿಯಲ್ಲಿ ಬೆರಳಗಲ ಜಾಗ ಮಾತ್ರ ಖಾಲಿ ಉಳಿದಿತ್ತು. ಬಿಳಿ ಹತ್ತಿದ ಕಡೆ ಎಮರಿ ಪೇಪರಿನಿಂದ ಇನ್ನಷ್ಟು ಉಜ್ಜಿ, ಲೈನರಿನ ಮುಂದಿನ ಅಂಚನ್ನು ಓರೆಯಾಗಿ ಸವರಿದರು. ಅಂಚು ಚೂಪಾಗಿ ಉಳಿದರೆ ಡ್ರಮ್ಮಿಗೆ ಒಮ್ಮೆಲೇ ಸಿಕ್ಕಿಕೊಂಡು ಚಕ್ರ ಜಾಮ್ ಆಗುವ ಅಪಾಯವಿರುತ್ತದೆ, ಕಿರುಗುಟ್ಟುವ ಸದ್ದೂ ಬರುತ್ತದೆ.

ಕೇಬಲ್ಲನ್ನೂ ಅಲ್ಲಿಯೇ ಮಾಡಿಸಿದೆ. ಡ್ರಮ್ ಬ್ರೇಕಿನಲ್ಲಿ ಕೇಬಲ್ ಹೊರಕವಚದ ಗುಣಮಟ್ಟವೇ ಅರ್ಧ ಬ್ರೇಕ್ ಎಂದರೂ ತಪ್ಪಿಲ್ಲ. ಅಗ್ಗದ ಕವಚ ಎಳೆದಾಗ ಕುಗ್ಗುತ್ತದೆ, ಬೆರಳಿನ ಬಲ ಶೂಗೆ ತಲುಪುವ ಮೊದಲೇ ಅಲ್ಲಿ ಖರ್ಚಾಗುತ್ತದೆ, ಲಿವರ್ ರಬ್ಬರಿನಂತೆ ಮೆತ್ತಗಿರುತ್ತದೆ. ಒಳಗೆ ನೈಲಾನ್ ಕೊಳವೆ ಇರುವ ದಪ್ಪ ಕವಚವನ್ನು ಆರಿಸಿ, ಹ್ಯಾಂಡಲ್ ತಿರುಗಿಸಿದಾಗ ಎಲ್ಲೂ ಬಿಗಿಯಾಗದಷ್ಟು ಮಾತ್ರ ಉದ್ದ ಇಡಲು ಹೇಳಿದೆ. ತಂತಿಯ ತುದಿಯ ನಿಪ್ಪಲ್ಲಿಗೆ ಹಾಕಿದ ಬೆಸುಗೆ ಒರಟಾಗಿತ್ತು. ಲಿವರಿನ ಗುಂಡಿಯಲ್ಲಿ ಅದು ತಿರುಗದೆ ತಂತಿ ಅಲ್ಲಿಯೇ ಬಾಗುತ್ತಿತ್ತು. ಹಾಗೆಯೇ ಬಿಟ್ಟಿದ್ದರೆ ಕೆಲವೇ ತಿಂಗಳಲ್ಲಿ ಎಳೆಗಳು ಒಂದೊಂದಾಗಿ ತುಂಡಾಗುತ್ತಿದ್ದವು. ತೋರಿಸಿದ ಮೇಲೆ ತಕರಾರಿಲ್ಲದೆ ಬೇರೆ ಮಾಡಿಕೊಟ್ಟರು, ಆದರೆ ಶೂ ಕೆಲಸದಲ್ಲಿ ಅಷ್ಟು ಸೂಕ್ಷ್ಮವಾಗಿರುವವರು ಇದನ್ನು ತಾವೇ ನೋಡಬೇಕಿತ್ತು.

ಜೋಡಣೆಯನ್ನು ಮೈಸೂರಿನಲ್ಲಿ ಮಾಡಿಸಿದೆ. ಇಲ್ಲಿ ಎರಡು ಸಣ್ಣ ವಿಷಯಗಳಿವೆ, ಎರಡಕ್ಕೂ ಖರ್ಚಿಲ್ಲ. ಕ್ಯಾಮ್ ಕಡ್ಡಿಯನ್ನು ಹೊರತೆಗೆದು ತುಕ್ಕು ಸವರಿ, ಹೆಚ್ಚು ಬಿಸಿ ತಡೆಯುವ ಗ್ರೀಸನ್ನು ಬೆರಳ ತುದಿಯಷ್ಟು ಮಾತ್ರ ಹಚ್ಚಬೇಕು; ಹೆಚ್ಚಾದ ಗ್ರೀಸ್ ಕರಗಿ ಲೈನರಿಗೆ ಇಳಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಎರಡನೆಯದು, ಚಕ್ರ ಕೂರಿಸಿದ ಮೇಲೆ ಆಕ್ಸಲ್ ನಟ್ಟನ್ನು ಪೂರ್ತಿ ಬಿಗಿಯದೆ ಬಿಟ್ಟು, ಚಕ್ರ ತಿರುಗಿಸಿ ಬ್ರೇಕ್ ಲಿವರನ್ನು ಗಟ್ಟಿಯಾಗಿ ಹಿಡಿದು, ಹಿಡಿದಂತೆಯೇ ನಟ್ ಬಿಗಿಯಬೇಕು. ಆಗ ಶೂಗಳು ಬ್ರೇಕ್ ಪ್ಲೇಟನ್ನು ಡ್ರಮ್ಮಿನ ನಟ್ಟನಡುವಿಗೆ ತಾವೇ ಎಳೆದುಕೊಂಡು ನಿಲ್ಲಿಸುತ್ತವೆ. ಪಂಚರ್ ಹಾಕಿಸಿಕೊಂಡಾಗಲೂ ಹೀಗೆಯೇ ಮಾಡಬೇಕು. ಪಂಚರ್ ಅಂಗಡಿಯವರು ಇದನ್ನು ಮಾಡುವುದಿಲ್ಲ, ಆದ್ದರಿಂದ ಗಾಡಿಯ ಯಜಮಾನರೇ ಕಲಿತಿರುವುದು ಒಳ್ಳೆಯದು.

ಬ್ರೇಕ್ ಬಿಚ್ಚುವ ಯಾರಿಗಾದರೂ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಆ ಕಾಲದ ಲೈನರುಗಳಲ್ಲಿ ಆಸ್ಬೆಸ್ಟಾಸ್ ಬಳಕೆ ಸಾಮಾನ್ಯವಾಗಿತ್ತು, ಅದರ ಧೂಳು ಶ್ವಾಸಕೋಶಕ್ಕೆ ಸೇರಿದರೆ ಕ್ಯಾನ್ಸರಿನಂಥ ರೋಗಗಳಿಗೆ ಕಾರಣವಾಗುತ್ತದೆ. ಡ್ರಮ್ಮಿನೊಳಗಿನ ಕಪ್ಪು ಪುಡಿಯನ್ನು ಬಾಯಿಂದಾಗಲಿ, ಕಂಪ್ರೆಸರ್ ಗಾಳಿಯಿಂದಾಗಲಿ ಊದಬಾರದು. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆಯಬೇಕು. ಜೆ.ಸಿ. ರಸ್ತೆಯ ಆ ಅಂಗಡಿಯ ಬಗ್ಗೆ ನನಗಿರುವ ಅತಿ ದೊಡ್ಡ ಅಸಮಾಧಾನವೂ ಇದೇ. ಅಲ್ಲಿ ಹಳೆಯ ಲೈನರುಗಳನ್ನು ಒಣದಾಗಿಯೇ ಉಜ್ಜುತ್ತಾರೆ, ಕೆಲಸದ ಹುಡುಗರ ಮುಖಕ್ಕೆ ಕರವಸ್ತ್ರ ಬಿಟ್ಟರೆ ಬೇರೆ ರಕ್ಷಣೆ ಇಲ್ಲ. ಇಷ್ಟು ಒಳ್ಳೆಯ ಕೆಲಸಗಾರರು ತಮ್ಮ ಎದೆಯ ಆರೋಗ್ಯವನ್ನು ಹೀಗೆ ಒತ್ತೆಯಿಡುವುದನ್ನು ನೋಡಿ ಮನಸ್ಸಿಗೆ ನೋವಾಯಿತು. ಧೂಳು ತಡೆಯುವ ಸರಿಯಾದ ಮಾಸ್ಕ್ ಮತ್ತು ಧೂಳು ಹೀರುವ ಫ್ಯಾನಿನ ಬಗ್ಗೆ ಮಾಲೀಕರಿಗೆ ಹೇಳಿದ್ದೇನೆ. ಗಿರಾಕಿಗಳು ಇನ್ನೂ ನಾಲ್ಕು ಜನ ಹೇಳಿದರೆ ಮಾಡಿಯಾರು.

ಈಗ ಫಲಿತಾಂಶಕ್ಕೆ ಬರುತ್ತೇನೆ. ಹೊಸ ಲೈನರ್ ಮೊದಲ ದಿನವೇ ಪೂರ್ತಿ ಹಿಡಿತ ಕೊಡುವುದಿಲ್ಲ. ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಹದವಾಗಿ ಹಿಡಿದು ಬಿಡುತ್ತಾ ಓಡಿಸಬೇಕು, ಉದ್ದಕ್ಕೆ ಎಳೆದು ಕಾಯಿಸಬಾರದು. ಅಷ್ಟಾದ ಮೇಲೆ ಅಡ್ಜಸ್ಟರನ್ನು ಮತ್ತೊಮ್ಮೆ ಬಿಗಿ ಮಾಡಿ, ವಾಹನ ಸಂಚಾರವಿಲ್ಲದ ಬಡಾವಣೆಯ ಒಣ ರಸ್ತೆಯಲ್ಲಿ, ಮುಂದಿನ ಬ್ರೇಕ್ ಮಾತ್ರ ಬಳಸಿ, ಸ್ಪೀಡೋಮೀಟರಿನ 40ರಿಂದ ನಿಲ್ಲಿಸಿ ಟೇಪಿನಲ್ಲಿ ಅಳೆದೆವು. ಕೆಲಸಕ್ಕೆ ಮೊದಲು ಅದೇ ರಸ್ತೆಯಲ್ಲಿ ಸುಮಾರು 18 ಮೀಟರ್ ಬೇಕಾಗಿತ್ತು, ಈಗ ಸುಮಾರು 12 ಸಾಕು. ಹಳೆಯ ಗಾಡಿಯ ಸ್ಪೀಡೋಮೀಟರ್ ನಿಖರವೆಂದು ಹೇಳಲಾಗದು, ಆದರೆ ಎರಡೂ ಸಲ ಅದೇ ಮೀಟರ್, ಅದೇ ಸವಾರ, ಅದೇ ಟೈರ್ ಇದ್ದುದರಿಂದ ವ್ಯತ್ಯಾಸ ನಂಬತಕ್ಕದ್ದು. ಆರು ಮೀಟರ್ ಎಂದರೆ ಒಂದು ಕಾರಿನ ಉದ್ದಕ್ಕಿಂತ ಹೆಚ್ಚು. ದೂರ ಕಡಿಮೆಯಾದದ್ದಕ್ಕಿಂತಲೂ ಹೆಚ್ಚು ಸಮಾಧಾನ ತಂದದ್ದು ಹಿಡಿತದ ಸ್ವಭಾವ: ಲಿವರ್ ಎರಡು ಬೆರಳಗಲ ಬಂದ ಕೂಡಲೇ ಶೂ ಮುಟ್ಟುವುದು ಬೆರಳಿಗೆ ತಿಳಿಯುತ್ತದೆ, ಅಲ್ಲಿಂದ ಮುಂದೆ ಹಿಡಿದಷ್ಟೂ ಹೆಚ್ಚುತ್ತಾ ಹೋಗುತ್ತದೆ, ಹಿಂದಿದ್ದ ಕಂಪನ ಪೂರ್ತಿ ಹೋಗಿದೆ.

ಚಾಮುಂಡಿ ಬೆಟ್ಟ ಇಳಿಯುವಾಗ ಈ ಬ್ರೇಕಿನ ಮಿತಿಯೂ ಗೊತ್ತಾಗುತ್ತದೆ. ಟೂ ಸ್ಟ್ರೋಕ್ ಎಂಜಿನ್ ಗೇರಿನಲ್ಲಿದ್ದರೂ ಗಾಡಿಯನ್ನು ಹಿಡಿದು ನಿಲ್ಲಿಸುವ ಶಕ್ತಿ ಅಷ್ಟಕ್ಕಷ್ಟೆ. ಜೊತೆಗೆ ಪೆಟ್ರೋಲಿಗೇ ಎಣ್ಣೆ ಬೆರೆಸುವ ಗಾಡಿಯಾದ್ದರಿಂದ, ಥ್ರಾಟಲ್ ಮುಚ್ಚಿ ಉದ್ದದ ಇಳಿಜಾರು ಇಳಿದರೆ ಎಂಜಿನ್ನಿಗೆ ಹೋಗುವ ಎಣ್ಣೆಯೂ ಕಡಿಮೆಯಾಗುತ್ತದೆ. ಹೀಗಾಗಿ ಇಳಿಜಾರಿನ ಹೊರೆಯೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಬೆಟ್ಟದ ಮೇಲಿನಿಂದ ನಂದಿಯ ತಿರುವನ್ನು ದಾಟಿ ಕೆಳಗಿಳಿಯುವವರೆಗೆ ಹಿಡಿತ ಎಲ್ಲೂ ಕೈಕೊಡಲಿಲ್ಲ, ಆದರೆ ಕೊನೆಯ ತಿರುವುಗಳಲ್ಲಿ ಅದೇ ನಿಧಾನಕ್ಕೆ ಲಿವರನ್ನು ಇನ್ನೂ ಸ್ವಲ್ಪ ಒಳಗೆ ಎಳೆಯಬೇಕಾಯಿತು. ಡ್ರಮ್ ಬಿಸಿಯಾಗಿ ಹಿಗ್ಗಿದಾಗ ಹೀಗಾಗುವುದು ಸಹಜ, ತಣ್ಣಗಾದ ಮೇಲೆ ಮೊದಲಿನಂತಾಯಿತು. ಚಾರ್ಮಾಡಿ, ಆಗುಂಬೆಯಂಥ ಉದ್ದದ ಘಾಟಿಗಳಲ್ಲಿ ಹಿಂದಿನ ಬ್ರೇಕನ್ನೂ ಹಂಚಿಕೊಂಡು ಬಳಸುತ್ತಾ, ನಡುವೆ ನಿಲ್ಲಿಸಿ ಆರಲು ಬಿಡುವುದು ಅಗತ್ಯ. ಡಿಸ್ಕ್ ಬ್ರೇಕ್ ಈ ವಿಷಯದಲ್ಲಿ ನಿಸ್ಸಂದೇಹವಾಗಿ ಮೇಲು. ಮಳೆಯಲ್ಲಿ ಡ್ರಮ್ಮಿನೊಳಕ್ಕೆ ನೀರು ಸೇರಿದರೆ ಮೊದಲ ಒಂದೆರಡು ಹಿಡಿತಗಳು ಸೊಪ್ಪೆಯಾಗುತ್ತವೆ. ನೀರು ನಿಂತ ರಸ್ತೆ ದಾಟಿದ ಕೂಡಲೇ ಲಿವರನ್ನು ಹಗುರವಾಗಿ ಹಿಡಿದು ಸ್ವಲ್ಪ ದೂರ ಓಡಿಸಿ ಲೈನರ್ ಒಣಗಿಸಿಕೊಳ್ಳಬೇಕು.

ಖರ್ಚಿನ ಲೆಕ್ಕ ಹೀಗಿದೆ. ಎರಡು ಶೂಗಳಿಗೆ ಲೈನರ್ ಅಂಟಿಸಿ ಲೇಥಿನಲ್ಲಿ ಹೊಂದಿಸಿದ್ದಕ್ಕೆ 700 ರೂಪಾಯಿ, ಡ್ರಮ್ ಹೆರೆದದ್ದಕ್ಕೆ 600, ಕೇಬಲ್ಲಿಗೆ 350. ಮೈಸೂರಿನಲ್ಲಿ ಬೇರಿಂಗ್, ಕಡ್ಡಿ ಬಿಗಿ ಮತ್ತು ಜೋಡಣೆಯ ಕೂಲಿ ಸೇರಿ 900. ಒಟ್ಟು 2,550 ರೂಪಾಯಿ, ಬಸ್ಸಿನ ಖರ್ಚು ಬೇರೆ. ಡಿಸ್ಕಿಗೆ ಕೇಳಿದ ಬೆಲೆಯ ಆರನೇ ಒಂದು ಪಾಲಿನಷ್ಟು ಇದಾಯಿತು. ಅಂಗಡಿಯವರು ಕೇಳುವವರೆಗೂ ರಸೀದಿ ಕೊಡಲಿಲ್ಲ. ಹೇಳಿದ ದಿನಕ್ಕೆ ಕೆಲಸ ಮುಗಿದಿರಲಿಲ್ಲ, ಲಾರಿಯವರ ಕೆಲಸ ಬಂದಾಗ ಬೈಕಿನದು ಹಿಂದೆ ಬೀಳುತ್ತದೆ. ಹೊರಊರಿನವರು ಹೋಗುವ ಮುನ್ನ ಫೋನ್ ಮಾಡಿ ಖಚಿತಪಡಿಸಿಕೊಳ್ಳಬೇಕು, ಮತ್ತು ತಮ್ಮ ಶೂಗಳ ಮೇಲೆ, ಪ್ಲೇಟಿನ ಮೇಲೆ ಬಣ್ಣದ ಗುರುತು ಹಾಕಿ ಕೊಡಬೇಕು, ಏಕೆಂದರೆ ಅಲ್ಲಿ ಒಂದೇ ರೀತಿಯ ಶೂಗಳು ರಾಶಿ ಬಿದ್ದಿರುತ್ತವೆ.

ಗಾಡಿಯನ್ನು ದಿನವೂ ಹೆದ್ದಾರಿಯಲ್ಲಿ 80ರ ಮೇಲೆ ಓಡಿಸುವವರು, ಘಟ್ಟದ ಊರುಗಳಲ್ಲಿ ಇಬ್ಬರು ಕೂತು ಸದಾ ಓಡಾಡುವವರು ಇದಕ್ಕಿಂತ ದೊಡ್ಡ ಬ್ರೇಕಿನ ಬಗ್ಗೆ ಯೋಚಿಸುವುದು ನ್ಯಾಯ. ಉಳಿದವರು, ಅದರಲ್ಲೂ ಜುಲೈನ ಎರಡನೆಯ ಭಾನುವಾರದ ಜಾವಾ-ಯೆಜ್ಡಿ ದಿನಕ್ಕಾಗಿ ಗಾಡಿಗೆ ಬಣ್ಣ, ಕ್ರೋಮ್ ಎಂದು ಸಾವಿರಗಟ್ಟಲೆ ಸುರಿಯುವ ಗೆಳೆಯರು, ಆ ಹಣದ ಸಣ್ಣ ಪಾಲನ್ನು ಮೊದಲು ಮುಂದಿನ ಹಬ್ಬಿಗೆ ಹಾಕಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಆರು ವರ್ಷಕ್ಕಿಂತ ಹಳೆಯದಾಗಿ ಗಟ್ಟಿಯಾದ ಮುಂದಿನ ಟೈರ್ ಇದ್ದರೆ ಅದನ್ನೂ ಜೊತೆಗೇ ಬದಲಿಸಿ. ಬ್ರೇಕ್ ಚೆನ್ನಾಗಿ ಕಚ್ಚಲು ತೊಡಗಿದ ಮೇಲೆ ಜಾರುವ ಸರದಿ ಟೈರಿನದು. ನನ್ನ ಗಾಡಿಯ ಹಿಂದಿನ ಚಕ್ರವನ್ನೂ ಇದೇ ಅಂಗಡಿಗೆ ಕೊಡಲು ತೀರ್ಮಾನಿಸಿದ್ದೇನೆ, ಈ ಸಲ ಕಡ್ಡಿ ಮತ್ತು ಬೇರಿಂಗ್ ಕೆಲಸವನ್ನು ಮೈಸೂರಿನಲ್ಲಿ ಮುಗಿಸಿಕೊಂಡೇ ಹೊರಡುತ್ತೇನೆ.